ಹೆಜ್ಜುಂಕ, ಕಿರುಕುಳ ಮತ್ತು ತಲೆಕೆಳಗಾದ ನೇಗಿಲು

ಚಿಕದೇವರಾಜ ಒಡೆಯರ ಕಾಲವೆಂದರೆ (1673–1704) ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ, ಸಂಚಿಯ ಹೊನ್ನಮ್ಮ ಎಂಬ ಹೆಸರುಗಳು ಒಂದರ ಹಿಂದೊಂದು ನೆನಪಿಗೆ ಬರುತ್ತವೆ. ‘ಚಿಕದೇವರಾಜ ಬಿನ್ನಪಂ’, ‘ಗೀತಗೋಪಾಲಂ’, ‘ಅಪ್ರತಿಮವೀರಚರಿತೆ’, ಉಪಲಬ್ಧವಿರುವ ಮೊದಲ ಕನ್ನಡ ನಾಟಕವೆಂಬ ಗೌರವ ಪಡೆದ ‘ಮಿತ್ರವಿಂದಾ ಗೋವಿಂದ’, ‘ಹದಿಬದೆಯ ಧರ್ಮ’ ಇಷ್ಟನ್ನು ಬರೆದು ಒಂದೆರಡು ಮಾತು ವಿವರಿಸಿದರೆ ಪರೀಕ್ಷೆಯಲ್ಲಿ ಅಂಕಗಳಿಗೆ ಕೊರತೆಯಾಗುವುದಿಲ್ಲ. ಇದೇ ಅರಸನ ಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಊರಬಾಗಿಲಿನಲ್ಲಿ, ಜನ ಕೂಡಿ ಮಾತಾಡುವ ಮರದ ಕೊಂಬೆಗೆ, ನೇಗಿಲನ್ನು ತಲೆಕೆಳಗು ಮಾಡಿ ತೂಗುಹಾಕಿದ್ದರು ಎಂಬ ಸಂಗತಿ ಮಾತ್ರ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಉಳುವುದಿಲ್ಲ, ಬಿತ್ತುವುದಿಲ್ಲ, ಆದುದರಿಂದ ಕೊಡುವುದಕ್ಕೂ ಏನೂ ಇಲ್ಲ ಎಂಬುದು ಆ ನೇಗಿಲಿನ ಅರ್ಥ. ಅಕ್ಷರ ಬಾರದ ಒಕ್ಕಲು ಅರಸನಿಗೆ ಸಲ್ಲಿಸಿದ ಬಿನ್ನಪ ಅದು. ಅರಸನ ಹೆಸರಿನಲ್ಲಿರುವ ‘ಬಿನ್ನಪ’ವನ್ನು ನಾವು ಪಠ್ಯವಾಗಿಸಿಕೊಂಡಿದ್ದೇವೆ, ಒಕ್ಕಲಿನ ಬಿನ್ನಪಕ್ಕೆ ನಮ್ಮಲ್ಲಿ ಅಧ್ಯಾಯವಿಲ್ಲ.

ಈಚಿನ ವರ್ಷಗಳಲ್ಲಿ ತೆರಿಗೆಯ ಭಾರ, ಸರ್ಕಾರಗಳ ಕೈಮೀರಿದ ಖರ್ಚು, ಸೆಸ್ಸು, ಸಾಲ ಇವು ನಿತ್ಯದ ಮಾತಾಗಿರುವಾಗ ಆ ನೇಗಿಲನ್ನು ಮತ್ತೆ ನೋಡಬೇಕೆನ್ನಿಸಿತು. ತೆರಿಗೆಯನ್ನು ವಿರೋಧಿಸುವವನು ಏನನ್ನು ವಿರೋಧಿಸುತ್ತಾನೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದ ವಿಭಾಗದವರು ಕೊಡುವ ಉತ್ತರ ಬೇರೆ ಇರಬಹುದು. ಶಾಸನ, ಕಾವ್ಯ, ಚರಿತ್ರೆಗಳನ್ನು ಓದುವವರ ಕೈಗೂ ಒಂದು ಉತ್ತರ ಸಿಕ್ಕುತ್ತದೆ.

ಘಟನೆಯ ವಿವರಕ್ಕೆ ನಾವು ಹೆಚ್ಚಾಗಿ ನೆಚ್ಚಿರುವುದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್‌ನ ಚರಿತ್ರೆಯನ್ನು. ಅದರ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ, ಎಂದರೆ ಘಟನೆ ನಡೆದು ಸುಮಾರು ನೂರಿಪ್ಪತ್ತೈದು ವರ್ಷಗಳ ಮೇಲೆ. ಕನಕಗಿರಿಯ ಜೈನ ವಿದ್ವಾಂಸ, ಕರ್ನಲ್ ಮೆಕೆಂಜಿಗೆ ಸ್ಥಳೀಯ ಚರಿತ್ರೆಯ ಸಾಮಗ್ರಿ ಒದಗಿಸಿದ ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿಯೂ ಈ ಪ್ರಸಂಗ ಬಂದಿದೆ, ಅದು ಇನ್ನೂ ಈಚಿನ ಕೃತಿ. ಆದ್ದರಿಂದ ಇವರು ಕೊಡುವ ಸಂಖ್ಯೆಗಳನ್ನು ಸಂಶೋಧಕರು ಎಚ್ಚರದಿಂದ ಬಳಸಬೇಕು. ಆದರೆ ತೆರಿಗೆ ಏರಿದ ಬಗೆಯನ್ನು ಕುರಿತು ವಿಲ್ಕ್ಸ್ ಹೇಳುವ ಮಾತಿನಲ್ಲಿ ಕಂದಾಯದ ಕಾಗದಪತ್ರಗಳನ್ನು ಬಲ್ಲ ಅಧಿಕಾರಿಯ ತಿಳಿವಳಿಕೆಯಿದೆ. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

ಬೆಳೆದುದರಲ್ಲಿ ಆರನೆಯ ಒಂದು ಪಾಲು ಅರಸನಿಗೆ ಎಂಬುದು ಧರ್ಮಶಾಸ್ತ್ರಗಳ ಮಾತು. ಅದನ್ನು ಮೀರಿದೆನೆಂಬ ಅಪಕೀರ್ತಿ ಚಿಕದೇವರಾಜನಿಗೆ ಬೇಕಿರಲಿಲ್ಲ. ಆರನೆಯ ಪಾಲು ಆರನೆಯ ಪಾಲಾಗಿಯೇ ಉಳಿಯಿತು. ಆದರೆ ಮನೆಗೊಂದು, ಹುಲ್ಲಿಗೊಂದು, ಮಗ್ಗಕ್ಕೊಂದು, ಕುರಿಗೊಂದು, ಅಂಗಡಿಗೊಂದು, ಮದುವೆಗೊಂದು ಎಂದು ಬಿಡಿ ಬಿಡಿ ಬಾಬುಗಳು ಹುಟ್ಟಿಕೊಂಡವು. ಪ್ರತಿಯೊಂದಕ್ಕೂ ಶಾಸ್ತ್ರದಲ್ಲಿ ಎಲ್ಲೋ ಒಂದು ಆಧಾರವನ್ನು ತೋರಿಸಬಹುದಾಗಿತ್ತು. ವಿಲ್ಕ್ಸ್ ಇದರ ಹಿಂದಿನ ಉಪಾಯವನ್ನು ಬಿಡಿಸಿ ಹೇಳುತ್ತಾನೆ. ಈ ಸಣ್ಣ ತೆರಿಗೆಗಳ ಕಾಟ ತಾಳಲಾರದೆ ರೈತನೇ ಮುಂದೆ ಬಂದು, ‘ಇವನ್ನು ತೆಗೆದುಬಿಡಿ, ಬೇಕಾದರೆ ಭೂಕಂದಾಯವನ್ನೇ ಹೆಚ್ಚಿಸಿಕೊಳ್ಳಿ’ ಎಂದು ಬೇಡಿಕೊಳ್ಳುವಂತೆ ಮಾಡುವುದು. ಹೀಗೆ ಏರಿದ ಕಂದಾಯ ಅರಸನ ಹೇರಿಕೆಯಾಗಿ ತೋರದೆ ಪ್ರಜೆಯ ಕೋರಿಕೆಯಾಗಿ ತೋರುತ್ತದೆ. ರಾಜಿಯಾಗುವಾಗಲೂ ಎಲ್ಲ ಬಾಬುಗಳೂ ಹೋಗುತ್ತಿರಲಿಲ್ಲ. ತೀರ ಅಸಹ್ಯವಾದ ಒಂದೆರಡನ್ನು ಕೈಬಿಟ್ಟು ಉಳಿದವನ್ನು ಅಷ್ಟರಮಟ್ಟಿಗೆ ಏರಿಸುತ್ತಿದ್ದರು.

ಈ ಉಪಾಯದ ಮೂಲಧಾತು ಹೊಸದಲ್ಲ. ನಮ್ಮ ಶಾಸನಗಳ ಭಾಷೆಯಲ್ಲಿಯೇ ಅದು ಅಡಗಿದೆ. ಚಾಲುಕ್ಯ, ಹೊಯ್ಸಳ ಶಾಸನಗಳಲ್ಲಿ ಸಿದ್ಧಾಯವೆಂಬ ಗೊತ್ತಾದ ಕಂದಾಯದ ಜೊತೆಗೆ ಪೆರ್ಜುಂಕ ಅಥವಾ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಗಾಣದೆರೆ, ಮಗ್ಗದೆರೆ ಮೊದಲಾದ ಹೆಸರುಗಳು ಬರುತ್ತವೆ. ಹೆಜ್ಜುಂಕವೆಂದರೆ ಹಿರಿದಾದ ಸುಂಕ. ಅದಕ್ಕೆ ಎದುರಾಗಿ ಚಿಲ್ಲರೆ ಬಾಬುಗಳ ಸುಂಕಕ್ಕೆ ಬಳಕೆಯಲ್ಲಿದ್ದ ಮಾತು ‘ಕಿರುಕುಳ’. ಇಂದು ಕಿರುಕುಳವೆಂದರೆ ಪೀಡೆ, ಉಪದ್ರವ. ಈ ಅರ್ಥಾಂತರಕ್ಕೆ ಸುಂಕದ ಕಟ್ಟೆಯೇ ಕಾರಣವೆಂದು ಸಾಧಿಸುವ ಹಂಬಲ ನನಗಿಲ್ಲ. ಕಿರಿದು ಎಂಬ ಅರ್ಥದಿಂದಲೇ ಎರಡೂ ಕವಲೊಡೆದಿರಬಹುದು. ಆದರೂ ಒಂದೇ ಮಾತು ಸಣ್ಣ ತೆರಿಗೆಗೂ ಕಾಟಕ್ಕೂ ಸಂದಿತೆಂಬುದು ಗಮನಾರ್ಹ. ದಾನಶಾಸನಗಳು ಭೂಮಿಯನ್ನು ತೆರಿಗೆಯಿಂದ ಬಿಡುಗಡೆ ಮಾಡುವಾಗ ‘ಸರ್ವಬಾಧಾಪರಿಹಾರ’ ಎನ್ನುತ್ತವೆ. ತಾನು ಎತ್ತುವುದು ಬಾಧೆಯೆಂದು ಪ್ರಭುತ್ವ ತನ್ನ ಶಾಸನದಲ್ಲಿ ತಾನೇ ಒಪ್ಪಿಕೊಂಡಂತಾಯಿತು. ಇಂದಿನ ಯಾವ ಅಧಿಸೂಚನೆಯಲ್ಲಿಯೂ ಅಷ್ಟು ನಿಷ್ಠುರವಾದ ಪದ ಕಾಣುವುದಿಲ್ಲ.

ಚಿಕದೇವರಾಜನ ಈ ವ್ಯವಸ್ಥೆಗೆ ಮಂತ್ರಿಯಾಗಿದ್ದವನು ವಿಶಾಲಾಕ್ಷ ಪಂಡಿತ. ಯಳಂದೂರಿನ ಜೈನ. ಅರಸ ಹಂಗಳದಲ್ಲಿ ನಿರ್ಬಂಧದಲ್ಲಿದ್ದ ದಿನಗಳಲ್ಲಿ ಅವನ ಜೊತೆಗಿದ್ದವನು. ಪಟ್ಟವಾದ ಮೇಲೆ ಪ್ರಧಾನಿಯಾದನು. ಜೈನ ಸಮಾಜದ ನೆನಪಿನಲ್ಲಿ ಆತ ಸ್ವಾಮಿನಿಷ್ಠೆಗಾಗಿ ಪ್ರಾಣ ತೆತ್ತ ಮಂತ್ರಿ. ಅದು ಸುಳ್ಳಲ್ಲ. 1686ರ ಸುಮಾರಿಗೆ ಅವನ ಕೊಲೆಯಾಯಿತು. ಅವನ ಸ್ಥಾನಕ್ಕೆ ಬಂದವನು ನಾವು ಓದುವ ಕವಿ ತಿರುಮಲಾರ್ಯ. ಆದರೆ ಕೊಲೆಯ ಹಿಂದೆ ಏನಿತ್ತೆಂಬುದನ್ನು ಅದೇ ಉಸಿರಿನಲ್ಲಿ ಹೇಳದಿದ್ದರೆ ನಮ್ಮ ಗೌರವ ಬರಿಯ ಕುಲಾಭಿಮಾನವಾಗುತ್ತದೆ.

ಹಳ್ಳಿಗಳಲ್ಲಿ ನೇಗಿಲು ತೂಗಿದಾಗ ರೈತರ ಪರವಾಗಿ ನಿಂತು ಮಾತನಾಡಿದವರು ಜಂಗಮರು. ಒಕ್ಕಲುಗಳು ಊರು ಬಿಟ್ಟು ಗುಂಪುಗೂಡಿದರು. ವಿಲ್ಕ್ಸ್‌ನ ಪ್ರಕಾರ ಅರಸನು ಜಂಗಮರನ್ನು ನಂಜನಗೂಡಿಗೆ ಕರೆಸಿ, ಒಬ್ಬೊಬ್ಬರನ್ನಾಗಿ ಮರ್ಯಾದೆ ಮಾಡಿ ಕಳುಹಿಸುವ ನೆಪದಲ್ಲಿ ನಾನೂರು ಮಂದಿಯನ್ನು ಕೊಲ್ಲಿಸಿದನು. ಏಳುನೂರಕ್ಕೂ ಹೆಚ್ಚು ಮಠಗಳನ್ನು ಹಾಳುಗೆಡವಿಸಿದನು. ಸಂಖ್ಯೆಯನ್ನು ಕುರಿತು ಮೊದಲೇ ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ. ನಾನೂರು ನಲವತ್ತೇ ಆಗಿದ್ದರೂ ಕೃತ್ಯದ ಸ್ವರೂಪ ಬದಲಾಗದು. ವಿಶಾಲಾಕ್ಷ ಪಂಡಿತನ ಕೊಲೆ ಇದಕ್ಕೆ ಪ್ರತೀಕಾರವೆಂದು ಹೇಳುತ್ತಾರೆ.

ಈ ಪ್ರಸಂಗವನ್ನು ಜೈನ ಮಂತ್ರಿಗೂ ವೀರಶೈವ ಜಂಗಮರಿಗೂ ನಡೆದ ಮತವೈರವೆಂದು ಎರಡು ಕಡೆಯವರೂ ಬಹುಕಾಲ ಓದಿದ್ದಾರೆ. ಅದು ನನಗೆ ಒಪ್ಪಿಗೆಯಾಗದ ಓದು. ಮರಕ್ಕೆ ತೂಗಿದ್ದು ಯಾವ ಮತದ ಚಿಹ್ನೆಯೂ ಅಲ್ಲ, ನೇಗಿಲು. ಮಗ್ಗದ ತೆರಿಗೆ ನೇಕಾರನ ಜಾತಿ ನೋಡಿ ಬರಲಿಲ್ಲ. ಹಿಂಸೆ ನಡೆದದ್ದು ಆಸ್ಥಾನದ ಕಡೆಯಿಂದ. ಆ ಆಸ್ಥಾನದ ಹಣಕಾಸನ್ನು ನಡೆಸುತ್ತಿದ್ದವನು ಅಹಿಂಸಾಧರ್ಮದಲ್ಲಿ ಹುಟ್ಟಿದವನು. ಕೊಲ್ಲಿಸುವ ಆಜ್ಞೆಯಲ್ಲಿ ಅವನ ಪಾಲು ಎಷ್ಟೆಂದು ಅಳೆಯಲು ನಮ್ಮ ಬಳಿ ಸಾಧನವಿಲ್ಲ. ಆದರೆ ಷಡ್ಭಾಗದ ಹೆಸರಿಗೆ ಮುಕ್ಕಾಗದಂತೆ ಕಿರುಕುಳದ ಬಾಬುಗಳನ್ನು ಬೆಳೆಸಿದ ಜಾಣ್ಮೆಯಲ್ಲಿ ಪ್ರಧಾನಿಗೆ ಪಾಲಿಲ್ಲವೆನ್ನಲಾಗದು. ಅಣುವ್ರತಗಳಲ್ಲಿ ಅಚೌರ್ಯವೂ ಒಂದು. ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನು ನಮ್ಮ ಆಚಾರ್ಯರು ಆ ವ್ರತದ ಅತಿಚಾರಗಳಲ್ಲಿಯೇ ಎಣಿಸಿದ್ದಾರೆ. ಕೊಳಗದ ಹೆಸರನ್ನು ಹಾಗೆಯೇ ಇಟ್ಟು ಅಳತೆಯನ್ನು ಹಿಗ್ಗಿಸುವುದು ವ್ಯಾಪಾರಿಗೆ ದೋಷವಾದರೆ ಮಂತ್ರಿಗೆ ಹೇಗೆ ನೀತಿಯಾದೀತು?

ಹಾಗಾದರೆ ಆ ಹಣವೆಲ್ಲ ಎಲ್ಲಿಗೆ ಹೋಯಿತು? ದುಂದಿಗೆ ಹೋಯಿತೆಂದು ಯಾರೂ ಹೇಳಿಲ್ಲ. ಚಿಕದೇವರಾಜನು ದಿನಕ್ಕೆ ಎರಡು ಸಾವಿರ ವರಹಗಳ ಎರಡು ಚೀಲ ಖಜಾನೆಯ ಉಳಿತಾಯಕ್ಕೆ ಸೇರಿದ ಮೇಲೆಯೇ ಊಟಕ್ಕೆ ಏಳುತ್ತಿದ್ದನಂತೆ. ಅದರಿಂದಲೇ ‘ನವಕೋಟಿ ನಾರಾಯಣ’ ಎಂಬ ಬಿರುದು. (ಲೆಕ್ಕ ಹಾಕಿ ನೋಡಿದರೆ ಆ ದರದಲ್ಲಿ ವರ್ಷಕ್ಕೆ 7 ಲಕ್ಷ 30 ಸಾವಿರ ವರಹ, ಒಂಬತ್ತು ಕೋಟಿ ತುಂಬಲು 123 ವರ್ಷ ಬೇಕು. ಆಳಿದ್ದು 31 ವರ್ಷ. ಬಿರುದುಗಳನ್ನು ಲೆಕ್ಕಪತ್ರವೆಂದು ಓದಬಾರದು.) ಆ ಖಜಾನೆಯಿಂದ ಮೂರು ಲಕ್ಷ ರೂಪಾಯಿ ಕೊಟ್ಟು ಮೊಗಲರ ಕಾಸಿಂ ಖಾನನಿಂದ ಬೆಂಗಳೂರನ್ನು ಕೊಂಡದ್ದು 1687ರ ಸಂಗತಿ. ಶ್ರವಣಬೆಳಗೊಳದ ನಡುವಿನ ಕಲ್ಯಾಣಿಯೂ ಅವನ ಕಾಲದಲ್ಲಿ ಆರಂಭವಾದುದೇ. ಟಂಕಸಾಲೆಯ ಅಧಿಕಾರಿ ಅಣ್ಣಯ್ಯನ ಕೋರಿಕೆಯಂತೆ ಅರಸ ಅದನ್ನು ತೊಡಗಿಸಿದನೆಂದೂ ಅವನ ಮರಣಾನಂತರ ಅಣ್ಣಯ್ಯನೇ ಮುಗಿಸಿದನೆಂದೂ ಅನಂತಕವಿಯ ‘ಗೊಮ್ಮಟೇಶ್ವರ ಚರಿತೆ’ ಹೇಳುತ್ತದೆ. ಬೆಟ್ಟವಿಳಿದು ಬಂದು ಆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರದ ಯಾತ್ರಿಕರು ಕಡಿಮೆ. ಅದರ ನೀರಿನಲ್ಲಿ ಹುಲ್ಲಿನ ಹಣವೂ ಮಗ್ಗದ ಕಂದಾಯವೂ ಸೇರಿವೆ.

ಇದನ್ನು ಹೇಳಲೇಬೇಕು, ಏಕೆಂದರೆ ತೆರಿಗೆಯೇ ಪಾಪವೆಂಬ ವಾದವನ್ನು ನಾನು ಹೂಡುತ್ತಿಲ್ಲ. ನಮ್ಮ ಬಸದಿಗಳಿಗಂತೂ ಆ ವಾದ ಹೂಡುವ ಅಧಿಕಾರವೇ ಇಲ್ಲ. 1159ರಲ್ಲಿ ಹೊಯ್ಸಳ ನರಸಿಂಹನು ಹುಳ್ಳರಾಜನು ಕಟ್ಟಿಸಿದ ಭಂಡಾರಿ ಬಸದಿಗೆ ಸವಣೇರು ಗ್ರಾಮವನ್ನು ದತ್ತಿ ಬಿಟ್ಟನೆಂದರೆ, ಸವಣೇರಿನ ಒಕ್ಕಲು ಅರಮನೆಗೆ ತೆರುತ್ತಿದ್ದುದನ್ನು ಬಸದಿಗೆ ತೆರತೊಡಗಿದರೆಂದು ಅರ್ಥ. ದಾನಿಯ ಹೆಸರು ಕಲ್ಲಿನಲ್ಲಿದೆ. ಬೆಳೆದು ಕೊಟ್ಟವರ ಹೆಸರಿಲ್ಲ. ಸರ್ಕಾರಿ ಕಾಲೇಜಿನ ಅಧ್ಯಾಪಕನಾದ ನನ್ನ ಸಂಬಳವೂ ತೆರಿಗೆಯ ಹಣವೇ. ಆಕ್ಷೇಪ ತೆರಿಗೆಯ ಮೇಲಲ್ಲ, ತೆರಿಗೆ ತನ್ನ ಹೆಸರನ್ನೂ ಮಿತಿಯನ್ನೂ ಉದ್ದೇಶವನ್ನೂ ಮರೆಸಿಕೊಂಡು ಬರುವುದರ ಮೇಲೆ.

ಅಂಥ ಮರೆಮಾಚುವಿಕೆಗೆ ಅವಕಾಶವಿಲ್ಲದಂತೆ ತೆರಿಗೆ ಎತ್ತಿದ ಒಂದು ಉದಾಹರಣೆ ನಮ್ಮಲ್ಲಿಯೇ ಇದೆ. 1368ರ ಬುಕ್ಕರಾಯನ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ನಾವೆಲ್ಲ ಪಾಠ ಮಾಡುತ್ತೇವೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಭವ್ಯಜನರು ದೂರಿತ್ತು, ಅರಸನು ಇಬ್ಬರ ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತದ್ದು ಮೊದಲ ಭಾಗ. ಪಾಠ ಅಲ್ಲಿಗೆ ನಿಲ್ಲುತ್ತದೆ. ಶಾಸನ ನಿಲ್ಲುವುದಿಲ್ಲ. ಅದರ ಮುಂದಿನ ಭಾಗ ಒಂದು ತೆರಿಗೆಯ ಏರ್ಪಾಡು. ರಾಜ್ಯದಲ್ಲಿರುವ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ. ಅದನ್ನು ಎತ್ತುವವನು ತಿರುಮಲೆಯ ತಾತಯ್ಯ. ಆ ಹಣದಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನಿಲ್ಲಿಸತಕ್ಕದ್ದು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸತಕ್ಕದ್ದು. ತಪ್ಪಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು.

ದರ, ಅವಧಿ, ವಸೂಲಿ ಮಾಡುವವನ ಹೆಸರು, ಖರ್ಚಿನ ಬಾಬು, ಮಿಗತೆಯ ವಿನಿಯೋಗ, ಎಲ್ಲವೂ ಒಂದೇ ಕಲ್ಲಿನ ಮೇಲಿವೆ. ವಸೂಲಿಯ ಹೊಣೆಯನ್ನು ಎದುರು ಪಕ್ಷದವನಿಗೇ ವಹಿಸಿದ್ದು ಇನ್ನೊಂದು ವಿವೇಕ. ಮಿಗತೆಯನ್ನು ಕುರಿತ ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಇಪ್ಪತ್ತು ಕಾವಲುಗಾರರ ಸಂಬಳ ಕೊಟ್ಟು ಹಣ ಉಳಿದೀತೆಂದು ಮೊದಲೇ ಊಹಿಸಿ, ಉಳಿದದ್ದು ಯಾರ ಚೀಲಕ್ಕೂ ಬೀಳದಂತೆ ಬರೆದಿಟ್ಟಿದ್ದಾರೆ. ಬೆಳಗೊಳದಲ್ಲಿ ಒಂದು ಪ್ರತಿ, ಮಾಗಡಿ ಸೀಮೆಯ ಕಲ್ಯದಲ್ಲಿ ಇನ್ನೊಂದು. ಶಾಸನದಲ್ಲಿ ಬರುವ ಕಲ್ಲೆಹವೇ ಆ ಕಲ್ಯ. ಬೆಳಗೊಳವನ್ನು ಕಾಣದ ದೂರದ ಗೃಹಸ್ಥನೂ ತನ್ನ ಒಂದು ಹಣ ಯಾವ ಸುಣ್ಣಕ್ಕೆ ಹೋಯಿತೆಂದು ಕೇಳಬಹುದಾಗಿತ್ತು.

ನೀತಿಶಾಸ್ತ್ರಕಾರರಿಗೂ ಈ ಮಿತಿಯ ಅರಿವಿತ್ತು. ಪಂಪನ ಆಶ್ರಯದಾತನಾದ ಅರಿಕೇಸರಿಯ ಮನೆತನದ ಆಶ್ರಯದಲ್ಲಿ, ಗಂಗಧಾರೆಯಲ್ಲಿ, 959ರಲ್ಲಿ ‘ಯಶಸ್ತಿಲಕ ಚಂಪೂ’ವನ್ನು ಮುಗಿಸಿದ ಸೋಮದೇವಸೂರಿಯು ‘ನೀತಿವಾಕ್ಯಾಮೃತ’ದಲ್ಲಿ ಕೋಶಕ್ಕೆಂದೇ ಒಂದು ಸಮುದ್ದೇಶವನ್ನು ಮೀಸಲಿಟ್ಟಿದ್ದಾನೆ. ದಿಗಂಬರ ಮುನಿಯೊಬ್ಬನು ಖಜಾನೆಯ ಮಹತ್ತ್ವವನ್ನು ಅಷ್ಟು ಒತ್ತಿ ಹೇಳಿದ್ದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗುವುದುಂಟು. ಅವನು ಬಹಳವಾಗಿ ಋಣಿಯಾಗಿರುವ ಕೌಟಿಲ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಶ ಬರಿದಾದ ಸಂಕಟದಲ್ಲಿ ಪ್ರಜೆಗಳಿಂದ ಹೆಚ್ಚಿನದನ್ನು ಬೇಡುವ ವಿಧಾನವನ್ನೇ ವಿವರಿಸುತ್ತಾನೆ. ಆದರೆ ಅಂಥ ಬೇಡಿಕೆ ಒಮ್ಮೆ ಮಾತ್ರ, ಎರಡನೆಯ ಸಲ ಸಲ್ಲದೆಂದು ಕಟ್ಟುಮಾಡುತ್ತಾನೆ. ಆ ಹೆಚ್ಚುವರಿ ವಸೂಲಿಗೆ ಅವನು ಬಳಸುವ ಪಾರಿಭಾಷಿಕ ಪದ ‘ಪ್ರಣಯ’. ಶೃಂಗಾರಕಾವ್ಯಗಳನ್ನು ಓದಿ ಬಂದ ವಿದ್ಯಾರ್ಥಿಗಳು ಇದನ್ನು ಕೇಳಿ ನಗುತ್ತಾರೆ. ಪ್ರೀತಿಯಿಂದ ಕೊಟ್ಟದ್ದೆಂದು ಹೆಸರಿಡುವ ಚಾಳಿ ಅಷ್ಟು ಹಳೆಯದು. ಸುಮಾರು 150ರ ರುದ್ರದಾಮನ ಜುನಾಗಢ ಶಾಸನದಲ್ಲಿ ಕರ, ವಿಷ್ಟಿ, ಪ್ರಣಯಗಳಿಂದ ಜನರನ್ನು ಪೀಡಿಸದೆ ಸುದರ್ಶನ ಕೆರೆಯನ್ನು ಸ್ವಂತ ಕೋಶದಿಂದ ಸರಿಪಡಿಸಿದೆನೆಂದು ಅರಸ ಹೆಮ್ಮೆಪಟ್ಟುಕೊಂಡಿದ್ದಾನೆ. ಎಂದರೆ ಉಳಿದವರು ಹಾಗೆ ಮಾಡುತ್ತಿರಲಿಲ್ಲ.

ಈಗ ನಮ್ಮ ಕಾಲದ ಕಿರುಕುಳಕ್ಕೆ ಬರೋಣ. ಅದರ ಹೆಸರು ಸೆಸ್. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಪಾಲುಂಟು. ಹದಿನೈದನೆಯ ಹಣಕಾಸು ಆಯೋಗ ಅದನ್ನು ಶೇ. 41 ಎಂದು ಗೊತ್ತುಮಾಡಿತು. ಇದು ಇಂದಿನ ಷಡ್ಭಾಗ, ಯಾರೂ ಬಹಿರಂಗವಾಗಿ ಮುಟ್ಟಲಾರದ ಪ್ರಮಾಣ. ಆದರೆ ಸಂವಿಧಾನದ 270 ಮತ್ತು 271ನೆಯ ವಿಧಿಗಳ ಪ್ರಕಾರ ಸೆಸ್ಸೂ ಸರ್‌ಚಾರ್ಜೂ ಈ ಹಂಚಿಕೆಯ ಹೊರಗೆ. 2021ರ ಫೆಬ್ರವರಿಯ ಬಜೆಟ್ಟಿನಲ್ಲಿ ಪೆಟ್ರೋಲಿನ ಮೇಲೆ ಲೀಟರಿಗೆ ಎರಡೂವರೆ ರೂಪಾಯಿಯ ಕೃಷಿ ಮೂಲಸೌಕರ್ಯ ಸೆಸ್ ಬಂದಾಗ, ಗ್ರಾಹಕನಿಗೆ ಹೊರೆಯಾಗದೆಂದು ಮೂಲ ಅಬಕಾರಿ ಸುಂಕವನ್ನೂ ವಿಶೇಷ ಸುಂಕವನ್ನೂ ತಗ್ಗಿಸಿದರು. ಮಾತು ನಿಜ, ಬೆಲೆ ಏರಲಿಲ್ಲ. ಆದರೆ ಆಗ ಲೀಟರಿಗೆ ಕೇಂದ್ರ ಪಡೆಯುತ್ತಿದ್ದ 32 ರೂಪಾಯಿ 90 ಪೈಸೆಯಲ್ಲಿ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ಮೂಲ ಸುಂಕ 1 ರೂಪಾಯಿ 40 ಪೈಸೆಗೆ ಇಳಿದಿತ್ತು. ಶೇ. 41 ಶೇ. 41 ಆಗಿಯೇ ಉಳಿಯಿತು. ಚಿಕದೇವರಾಜನ ಅಠಾರ ಕಚೇರಿಯ ಲೆಕ್ಕಿಗರು ಇದ್ದಿದ್ದರೆ ತಲೆದೂಗುತ್ತಿದ್ದರು.

ಸೆಸ್ ಎತ್ತುವಾಗ ಉದ್ದೇಶವನ್ನು ಹೇಳಿಯೇ ಎತ್ತುತ್ತಾರೆ, ರಸ್ತೆಗೆ, ಶಿಕ್ಷಣಕ್ಕೆ, ಆರೋಗ್ಯಕ್ಕೆ ಎಂದು. ಆ ಅರ್ಥದಲ್ಲಿ ಅದು ಬುಕ್ಕರಾಯನ ಒಂದು ಹಣದ ಜಾತಿಗೆ ಸೇರಬೇಕಾಗಿತ್ತು. ಆದರೆ 2018–19ರಲ್ಲಿ 35 ಬಗೆಯ ಸೆಸ್ ಮೊದಲಾದ ವಸೂಲಿಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿ ರೂಪಾಯಿಗಳಲ್ಲಿ ಆಯಾ ಉದ್ದೇಶದ ನಿಧಿಗಳಿಗೆ ಸೇರಿದ್ದು ಸುಮಾರು 1.64 ಲಕ್ಷ ಕೋಟಿ ಎಂದು ಸಿಎಜಿಯೇ ವರದಿ ಮಾಡಿತು. ಉಳಿದದ್ದು ಸಂಚಿತ ನಿಧಿಯಲ್ಲಿಯೇ ನಿಂತಿತು. ಕಳವಾಯಿತೆಂದು ನಾನು ಹೇಳುತ್ತಿಲ್ಲ. ಕಾವಲಿನವರಿಗೆಂದು ಎತ್ತಿದ ಹಣ ಕಾವಲಿನವರಿಗೆ ಮುಟ್ಟಲಿಲ್ಲವೆಂದಷ್ಟೇ ಹೇಳುತ್ತಿದ್ದೇನೆ. ‘ಒಮ್ಮೆ ಮಾತ್ರ’ ಎಂಬ ಕಟ್ಟೂ ಹೀಗೆಯೇ ಸಡಿಲವಾಗಿದೆ. ಜಿಎಸ್‌ಟಿಯ ಜೊತೆಗೆ 2017ರಲ್ಲಿ ಐದು ವರ್ಷಕ್ಕೆಂದು ಬಂದ ಪರಿಹಾರ ಸೆಸ್ಸಿನ ಅವಧಿಯನ್ನು 2022ರಲ್ಲಿ 2026ರ ಮಾರ್ಚಿಯವರೆಗೆ ವಿಸ್ತರಿಸಿದರು. ಕೋವಿಡ್ ಕಾಲದಲ್ಲಿ ರಾಜ್ಯಗಳಿಗಾಗಿ ಮಾಡಿದ ಸಾಲ ತೀರಿಸಬೇಕೆಂಬ ಕಾರಣ ಯುಕ್ತವಾದದ್ದೇ; ಯುಕ್ತವಾದ ಕಾರಣ ಪ್ರತಿ ಸಲವೂ ಇರುತ್ತದೆ.

ಕೇಂದ್ರವನ್ನು ಮಾತ್ರ ಆಡಿ ರಾಜ್ಯವನ್ನು ಬಿಡುವುದು ಪಕ್ಷಪಾತವಾದೀತು. ಕರ್ನಾಟಕದ 2025–26ರ ಆಯವ್ಯಯದ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಸಾಲವೇ 1.16 ಲಕ್ಷ ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಎಂದರೆ ದಿನನಿತ್ಯದ ಖರ್ಚಿಗೂ ಆದಾಯ ಸಾಲದು. ಐದು ಗ್ಯಾರಂಟಿಗಳಿಗೆ 51,034 ಕೋಟಿ. ಗ್ಯಾರಂಟಿಗಳನ್ನು ಹಳಿಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಶಕ್ತಿ ಯೋಜನೆಯಿಂದಾಗಿ ದೂರದ ಹಳ್ಳಿಗಳ ಹುಡುಗಿಯರು ತರಗತಿ ತಪ್ಪಿಸದೆ ಬರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ನನ್ನ ಆಕ್ಷೇಪ ಬೇರೆ. ಕೊಡುವುದನ್ನು ದೊಡ್ಡ ಅಕ್ಷರಗಳಲ್ಲಿ ಸಾರಿ, ಎತ್ತುವುದನ್ನು ಸಣ್ಣ ಸಣ್ಣದಾಗಿ ಹರಡುವುದು. 2024ರ ಜೂನಿನಲ್ಲಿ, ಚುನಾವಣೆಯ ಫಲಿತಾಂಶ ಬಂದ ಮೇಲೆ, ಪೆಟ್ರೋಲಿನ ಮಾರಾಟ ತೆರಿಗೆ ಶೇ. 25.92ರಿಂದ 29.84ಕ್ಕೆ, ಡೀಸೆಲಿನದು 14.3ರಿಂದ 18.4ಕ್ಕೆ ಏರಿತು. 2025ರ ಆಗಸ್ಟ್ ಕೊನೆಯಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಇವು ಗ್ಯಾರಂಟಿಗಳಿಗಾಗಿ ಎಂದು ಯಾವ ಆದೇಶದಲ್ಲಿಯೂ ಬರೆದಿಲ್ಲ. ಬರೆದಿದ್ದರೆ ಎಷ್ಟೋ ಮಂದಿ ಒಪ್ಪಿಯೇ ಕೊಡುತ್ತಿದ್ದರೇನೋ. ಸಾಲವಂತೂ ಇನ್ನೂ ಗುಟ್ಟಾದ ತೆರಿಗೆ. ಅದನ್ನು ತೆರಬೇಕಾದವರು ಇನ್ನೂ ಮತದಾರರ ಪಟ್ಟಿಯಲ್ಲಿಲ್ಲ. ಚಿಕದೇವರಾಜನು ಎತ್ತಿದ್ದನ್ನು ಚೀಲದಲ್ಲಿ ಕಟ್ಟಿಟ್ಟನು. ನಮ್ಮವರು ಎತ್ತುವ ಮೊದಲೇ ಖರ್ಚು ಮಾಡುತ್ತಾರೆ. ಒಕ್ಕಲಿಗೆ ಎರಡೂ ಒಂದೇ, ಏಕೆಂದರೆ ಎರಡರಲ್ಲಿಯೂ ಅವನನ್ನು ಕೇಳಿದವರಿಲ್ಲ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಕ್ಯೂಆರ್ ಕೋಡಿನ ಫಲಕವನ್ನು ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಇಲಾಖೆಯ ಕಡೆಗೆ ಕಾನೂನಿತ್ತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಆಗಬೇಕೆಂಬುದು ನಿಯಮ. ಆದರೆ ಹಾಲು ತರಕಾರಿಗಳಂಥ ತೆರಿಗೆಯಿಲ್ಲದ ಸರಕು ಮಾರಿದವನಿಗೂ, ಸಾಲ ತೆಗೆದುಕೊಂಡ ಹಣ ಖಾತೆಗೆ ಬಂದವನಿಗೂ, ಒಟ್ಟು ಮೊತ್ತವನ್ನೇ ಎದುರಿಗೆ ಹಿಡಿದು ಉತ್ತರ ಕೇಳಿದರೆ ಅವನು ಏನು ಮಾಡಬೇಕು? ಬಂದ್ ಕರೆಯ ಮಾತೂ ಆಯಿತು. ಕೊನೆಗೆ ಮುಖ್ಯಮಂತ್ರಿಗಳು ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಯನ್ನು ಕೇಳುವುದಿಲ್ಲವೆಂದರು. ನಂಜನಗೂಡಿಗೂ ಇದಕ್ಕೂ ಇರುವ ಅಂತರವೇ ಪ್ರಜಾಪ್ರಭುತ್ವದ ಗಳಿಕೆ. ಅದನ್ನು ಕಡೆಗಣಿಸುವಷ್ಟು ನಿರಾಶಾವಾದಿ ನಾನಲ್ಲ. ಆದರೂ ಆ ಚೀಟಿಯನ್ನು ನೋಡುವಾಗ ಊರಬಾಗಿಲ ನೇಗಿಲು ನೆನಪಾಗುತ್ತದೆ. ದುಡಿಯುವ ಉಪಕರಣವನ್ನೇ ತಲೆಕೆಳಗು ಮಾಡಿ ತೋರಿಸುವುದು ಬೇರೆ ಭಾಷೆ ಇಲ್ಲದವರ ಭಾಷೆ. ತೆರಿಗೆ ವಂಚಕರು ಅದನ್ನು ಮರೆಯಾಗಿ ಬಳಸಿಕೊಳ್ಳಬಹುದು, ಬಳಸಿಕೊಂಡಿದ್ದಾರೆ ಕೂಡ. ಅಷ್ಟಕ್ಕೆ ಅದರ ಅರ್ಥ ಸುಳ್ಳಾಗುವುದಿಲ್ಲ.

ವಿಜಯನಗರದ ಸದಾಶಿವರಾಯನ ಕಾಲದಲ್ಲಿ ಕೊಂಡೋಜನೆಂಬ ನಾವಿದನು ರಾಮರಾಯನ ಮೆಚ್ಚಿಕೆ ಗಳಿಸಿ ತನ್ನ ವೃತ್ತಿಯವರಿಗೆಲ್ಲ ತೆರಿಗೆ ಬಿಡಿಸಿಕೊಟ್ಟ ಸಂಗತಿ ಹಲವು ಊರುಗಳ ಶಾಸನಗಳಲ್ಲಿದೆ. ಅದು ಅರಸನ ಕೃಪೆಯಾಗಿ ದಾಖಲಾಗಿದೆ. ಅನ್ಯಾಯದ ತೆರಿಗೆಯೆಂದು ತೆಗೆದೆವು ಎನ್ನುವುದಕ್ಕೂ ಮೆಚ್ಚಿ ಬಿಟ್ಟೆವು ಎನ್ನುವುದಕ್ಕೂ ಬಹಳ ಅಂತರ. ಮನ್ನಾ ಎಂಬ ಮಾತನ್ನು ನಮ್ಮ ಮಂತ್ರಿಗಳು ಇಂದಿಗೂ ಕೊಂಡೋಜನ ಕಾಲದ ಅರ್ಥದಲ್ಲಿಯೇ ಆಡುತ್ತಾರೆ.

ಆಸ್ಥಾನದ ಕವಿಗಳು ನೇಗಿಲನ್ನು ಕಾಣಲಿಲ್ಲವೆಂದು ಅವರನ್ನು ದೂಷಿಸುವುದು ಸುಲಭ. ತಿರುಮಲಾರ್ಯನು ಮಂತ್ರಿಯಾದದ್ದೇ ಆ ರಕ್ತದ ಬೆನ್ನಿಗೆ. ಅವನು ಬರೆಯುವುದು ಸಾಧ್ಯವಿರಲಿಲ್ಲ. ನಾವು ಓದುವುದು ಸಾಧ್ಯ. ಶಾಸನ ಸಂಪುಟಗಳನ್ನು ತೆರೆದ ಸಾಹಿತ್ಯದ ವಿದ್ಯಾರ್ಥಿ ವೀರನ ಅಥವಾ ದಾನಿಯ ಪ್ರಶಸ್ತಿಪದ್ಯ ಮುಗಿದೊಡನೆ ಪುಟ ಮಗುಚುತ್ತಾನೆ. ಕಂದವೂ ಚಂಪಕಮಾಲೆಯೂ ಮುಗಿದ ಮೇಲೆ ಬರುವ ಒಣ ಗದ್ಯದಲ್ಲಿ ಎಲ್ಲೆಯ ಕಲ್ಲು, ಮತ್ತರು, ಗದ್ಯಾಣ, ಗಾಣದೆರೆ, ಮಗ್ಗದೆರೆ, ಕಿರುಕುಳ ಇರುತ್ತವೆ. ಲಕ್ಷ್ಮೇಶ್ವರದ ಸುಮಾರು 725ರ ಆಚಾರವ್ಯವಸ್ಥೆಯ ಶಾಸನದಲ್ಲಿ, ಪಂಪನು ತನ್ನ ಭಾಷೆಯ ತಿರುಳೆಂದು ಕರೆದ ಅದೇ ಪುಲಿಗೆರೆಯಲ್ಲಿ, ಯುವರಾಜ ವಿಕ್ರಮಾದಿತ್ಯನು ಮನೆಗಳ ಅನುಕೂಲಕ್ಕೆ ತಕ್ಕಂತೆ ತೆರಿಗೆಯ ದರ್ಜೆಗಳನ್ನು ಗೊತ್ತುಮಾಡಿ, ರಾಜಪುರುಷರು ಮಾಡಬೇಕಾದುದೇನು, ಮಹಾಜನರು ಮಾಡಬೇಕಾದುದೇನು ಎಂದು ಎರಡೂ ಕಡೆಯ ಕಟ್ಟಳೆಗಳನ್ನು ಬರೆಯಿಸಿದ್ದಾನೆ. ಸ್ನಾತಕೋತ್ತರ ತರಗತಿಯ ಶಾಸನ ಪತ್ರಿಕೆಗೆ ಬಾದಾಮಿಯ ಕಪ್ಪೆ ಅರಭಟ್ಟನ ಜೊತೆಗೆ ಈ ಶಾಸನವನ್ನೂ ಬೆಳಗೊಳದ 1368ರ ಶಾಸನದ ಉತ್ತರಾರ್ಧವನ್ನೂ ಸೇರಿಸಬೇಕೆಂದು ಪಠ್ಯಸಮಿತಿಯಲ್ಲಿರುವ ಮಿತ್ರರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.